ಕೈ ಬಿಡುವಾಗ ಹೇಳಿ ಬಿಡಿ

ಕಳೆದ ಭಾನುವಾರ ತುಮಕೂರಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು, ಸುತ್ತಮುತ್ತಲ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ಸೇರಿದ್ದ ಒಂದು ಸಭೆಯಲ್ಲಿ ನಾನು ಮಾತಾಡಿದೆ. ಬರಲಾಗದವರು ಬರೆದು ಕೊಡಿ ಅಂತ ಕೇಳಿದರು. ಆಡಿದ ಮಾತನ್ನೇ ಸ್ವಲ್ಪ ಜೋಡಿಸಿ ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯವೂ ಇದರಲ್ಲಿ ಸೇರಿದೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಂಜೆಯ ವಿಷಯ ಹೇಳುತ್ತೇನೆ. ನಾನು ಜಿಮ್ನಾಸ್ಟಿಕ್ಸ್ ಕಲಿಸುವ ನಮ್ಮ ಹಾಲ್‌ನಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಮ್ಯಾಟಿಗೆ ಬೆನ್ನು ಮಾಡಿ ನಿಂತಿದ್ದಳು. ಕೈ ಮೇಲಕ್ಕೆ ಎತ್ತುತ್ತಾಳೆ, ಇಳಿಸುತ್ತಾಳೆ. ಅಂಗೈ ಬೆವರನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾಳೆ. ಮತ್ತೆ ಕೈ ಎತ್ತುತ್ತಾಳೆ, ಮಂಡಿ ಬಾಗುತ್ತದೆ, ಇನ್ನೇನು ಹಾರಿಬಿಟ್ಟಳು ಅನ್ನುವಷ್ಟರಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನಿಂತುಬಿಡುತ್ತಾಳೆ. ಹೋದ ತಿಂಗಳು ಇದೇ ಹುಡುಗಿ ಇದೇ ಮ್ಯಾಟಿನ ಮೇಲೆ ಒಂದರ ಹಿಂದೆ ಒಂದು ಮೂರು ಫ್ಲಿಕ್ ಹಾಕಿದ್ದಳು. ಫ್ಲಿಕ್ ಅಂದರೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್. ಹಿಂದಕ್ಕೆ ಹಾರಿ, ಕೈ ಊರಿ, ಮತ್ತೆ ಕಾಲ ಮೇಲೆ ಬರುವ ಲಾಗ. ಈಗ ಒಂದೂ ಆಗುತ್ತಿಲ್ಲ. ಬಾಗಿಲ ಹತ್ತಿರ ಕೂತಿದ್ದ ಅವರಮ್ಮ "ಹಾಕು ಪುಟ್ಟಿ, ನಿಂಗೆ ಬರುತ್ತಲ್ಲ, ಧೈರ್ಯ ಮಾಡು" ಅಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

ಆ ಅಮ್ಮನ ಮಾತಿನಲ್ಲಿ ತಪ್ಪಿಲ್ಲ. ಯಾವ ಅಮ್ಮನಾದರೂ ಹಾಗೇ ಹೇಳುತ್ತಾರೆ. ಆದರೆ ಆ ಮಗುವಿನಲ್ಲಿ ಕಮ್ಮಿಯಾಗಿದ್ದದ್ದು ಧೈರ್ಯ ಅಲ್ಲ. ಧೈರ್ಯ ಇಲ್ಲದ ಮಗು ಮತ್ತೆ ಮತ್ತೆ ಮ್ಯಾಟಿನ ಹತ್ತಿರ ಹೋಗಿ ನಿಲ್ಲುವುದಿಲ್ಲ, ನೀರು ಕುಡಿದು ಬರ್ತೀನಿ ಅಂತ ಹೋಗಿ ಅಲ್ಲೇ ಕೂತುಬಿಡುತ್ತೆ. ಇವಳಿಗೆ ತಪ್ಪಿದ್ದದ್ದು ನಂಬಿಕೆ. ಹಿಂದಕ್ಕೆ ಹಾರಿದರೆ ನನ್ನ ಕೈ ಸರಿಯಾದ ಹೊತ್ತಿಗೆ ನೆಲಕ್ಕೆ ಬರುತ್ತೆ ಅನ್ನುವ ನಂಬಿಕೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ. ಧೈರ್ಯ ಮಾಡು ಅಂತ ಹೇಳಿ ನಂಬಿಕೆ ತರೋಕೆ ಆಗಲ್ಲ.

ನನ್ನ ಕತೆ ಹೇಳಿಬಿಡುತ್ತೇನೆ, ಆಗ ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತೆ.

ನನಗೆ ಹದಿಮೂರು ವರ್ಷ. ಆಗ ನಾವು ಕಲಿಯುತ್ತಿದ್ದದ್ದು ತೆಂಗಿನ ನಾರಿನ ಮ್ಯಾಟಿನ ಮೇಲೆ, ಈಗಿನ ಹಾಗೆ ಮೆತ್ತನೆಯ ಫೋಮ್ ಎಲ್ಲ ಇರಲಿಲ್ಲ. ಫ್ಲಿಕ್ ಹೆಚ್ಚು ಕಡಿಮೆ ಬಂದಿತ್ತು. ಕಲಿಸುತ್ತಿದ್ದವರು ಪಕ್ಕದಲ್ಲಿ ಮಂಡಿ ಊರಿ ಕೂತು ಒಂದು ಕೈ ಸೊಂಟಕ್ಕೆ, ಒಂದು ಕೈ ತೊಡೆಯ ಹಿಂದಕ್ಕೆ ಕೊಟ್ಟು ಸಪೋರ್ಟ್ ಮಾಡುತ್ತಿದ್ದರು. ಒಂದು ದಿನ "ಹಿಡ್ಕೊಂಡಿದ್ದೀನಿ, ಹಾಕು" ಅಂದರು. ಹಾಕಿದೆ. ಹಿಡಿದಿರಲಿಲ್ಲ. ಇವಳಿಗೆ ಬರುತ್ತೆ, ಹಿಡಿದಿದ್ದಾರೆ ಅಂದುಕೊಂಡರೆ ಆರಾಮಾಗಿ ಹಾಕುತ್ತಾಳೆ, ಆಮೇಲೆ ನೋಡು ನೀನೇ ಹಾಕಿದೆ ಅಂತ ಹೇಳೋಣ ಅಂತ ಅವರ ಯೋಚನೆ. ಉದ್ದೇಶ ಒಳ್ಳೆಯದೇ. ಆದರೆ ಗಾಳಿಯಲ್ಲಿದ್ದಾಗ ಸೊಂಟದ ಹತ್ತಿರ ಆ ಕೈ ಇಲ್ಲ ಅಂತ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಮೈ ಕುಗ್ಗಿತು, ಮೊಣಕೈ ಮಡಚಿತು, ತಲೆ ಮ್ಯಾಟಿಗೆ ಬಡಿಯಿತು. ಕತ್ತು ಉಳುಕಿತು, ಎಡಗೈ ಮಣಿಕಟ್ಟು ಊದಿಕೊಂಡಿತು. ಹದಿನೈದು ದಿನಕ್ಕೆ ಎಲ್ಲ ವಾಸಿಯಾಯಿತು. ಫ್ಲಿಕ್ ಮಾತ್ರ ಏಳು ತಿಂಗಳು ವಾಪಸ್ ಬರಲಿಲ್ಲ.

ಆ ಏಳು ತಿಂಗಳು ಹೇಗಿತ್ತು ಅಂತ ಹೇಳುವುದು ಕಷ್ಟ. ಹಾಲ್‌ಗೆ ಹೋಗುವ ದಾರಿಯಲ್ಲೇ ಹೊಟ್ಟೆ ಕಿವುಚುತ್ತಿತ್ತು. ಮ್ಯಾಟಿನ ಮೇಲೆ ನಿಂತು ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆ. ಮೂರು ಅಂದಾಗ ಮನಸ್ಸು ಹಾರು ಅನ್ನುತ್ತಿತ್ತು, ಕಾಲು ಮಾತು ಕೇಳುತ್ತಿರಲಿಲ್ಲ. ನನಗಿಂತ ಚಿಕ್ಕವರು ಪಕ್ಕದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. "ನಾಟಕ ಮಾಡ್ಬೇಡ, ಹೋದ ತಿಂಗಳು ಹಾಕ್ತಿದ್ಯಲ್ಲ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೇ ಅನುಮಾನ ಬರುತ್ತಿತ್ತು, ನಿಜವಾಗ್ಲೂ ನಾಟಕ ಮಾಡ್ತಿದ್ದೀನಾ ಅಂತ. ಇಂಥ ಸ್ಥಿತಿಯಲ್ಲಿ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿದುಕೊಳ್ಳಿ, ಅದು ನಾಟಕ ಅಲ್ಲ. ನಿಮಗಿಂತ ಜಾಸ್ತಿ ಆ ಮಗುವಿಗೇ ಹಾಕಬೇಕು ಅಂತ ಆಸೆ ಇರುತ್ತೆ.

ಬೇಸಿಗೆ ರಜಕ್ಕೆ ಗುಬ್ಬಿ ಕಡೆಯ ನಮ್ಮ ತಾತನ ಊರಿಗೆ ಹೋದೆ. ತಾತ ಜಿಮ್ನಾಸ್ಟಿಕ್ಸ್ ಅನ್ನುವ ಪದ ಕೇಳಿದವರಲ್ಲ. ಆದರೆ ಊರಿನ ಅರ್ಧ ಮಕ್ಕಳಿಗೆ ತೋಟದ ಬಾವಿಯಲ್ಲಿ ಈಜು ಕಲಿಸಿದವರು, ನನಗೂ ಅವರೇ ಕಲಿಸಿದ್ದು. ಈಗ ಆ ಬಾವಿಗಳಲ್ಲಿ ನೀರಿಲ್ಲ, ಎಲ್ಲ ಬೋರ್‌ವೆಲ್ ಆಗಿದೆ, ಹಾಗಾಗಿ ಚಿಕ್ಕವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಬೆನ್ನಿಗೆ ಒಣಗಿದ ಸೋರೆಬುರುಡೆ. ಹಗ್ಗದ ತುದಿ ಹಿಡಿದು ಅವರು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಮೊದಲು ಹಗ್ಗ ಬಿಗಿ. ಆಮೇಲೆ ಸ್ವಲ್ಪ ಸಡಿಲ. ಆಮೇಲೆ ಬುರುಡೆ ಬಿಚ್ಚಿ ಬರೀ ಹಗ್ಗ. ಕೊನೆಗೆ ಹಗ್ಗ ಸುಮ್ನೆ ನೀರ ಮೇಲೆ ತೇಲುತ್ತಿರುತ್ತೆ. ತಾತನ ಒಂದು ಅಭ್ಯಾಸ ಇತ್ತು. ಪ್ರತಿ ಸಲ ಹೇಳಿಯೇ ಸಡಿಲ ಮಾಡೋರು. "ಈಗ ಒಂದು ಮಾರು ಬಿಡ್ತೀನಿ ಕಣವ್ವ, ತುದಿ ಕೈಲೇ ಐತೆ" ಅನ್ನೋರು. ಬೇರೆ ಮನೆಯ ಕೆಲವರು ಮಕ್ಕಳಿಗೆ ಹೇಳದೆ ಹಗ್ಗ ಬಿಟ್ಟುಬಿಡುತ್ತಿದ್ದರು. ಕೆಲವು ಮಕ್ಕಳು ಹಾಗೂ ಕಲಿತವು. ಇನ್ನು ಕೆಲವು ಒಂದು ಸಲ ನೀರು ಕುಡಿದ ಮೇಲೆ ಬಾವಿಯ ಕಡೆ ತಲೆ ಹಾಕಲಿಲ್ಲ.

ನಾನು ಮಂಕಾಗಿರುವುದನ್ನು ನೋಡಿ ತಾತ ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಹಿಂದಕ್ಕೆ ಬೀಳಾಕೆ ಭಯಾನಾ?" ಅಂದರು. ಹೌದು ಅಂದೆ. ಹಿತ್ತಲಲ್ಲಿ ರಾಗಿ ಹುಲ್ಲಿನ ಬಣವೆ ಇತ್ತು. ದನಕ್ಕೆ ಅಂತ ಕಿತ್ತಿದ್ದ ಹುಲ್ಲನ್ನು ನನ್ನ ಎದೆಯೆತ್ತರ ರಾಶಿ ಹಾಕಿದರು. "ಇದರ ಮ್ಯಾಲೆ ಬೀಳು. ಬೀಳೋದಷ್ಟೆ. ಇನ್ನೇನೂ ಮಾಡಬ್ಯಾಡ" ಅಂದರು. ಬಿದ್ದೆ. ಹುಲ್ಲು ಚುಚ್ಚಿತು, ಮೈಯೆಲ್ಲ ನವೆ. ಆದರೆ ಹಿಂದಕ್ಕೆ ಬಿದ್ದರೂ ಏನೂ ಆಗಲಿಲ್ಲ. ಆ ರಜ ಪೂರ್ತಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಸುಮ್ನೆ ಹಿಂದಕ್ಕೆ ಬೀಳುತ್ತಿದ್ದೆ. ಹುಲ್ಲು ದನಗಳ ಹೊಟ್ಟೆಗೆ ಹೋಗುತ್ತಾ ರಾಶಿ ತಾನಾಗೇ ತಗ್ಗುತ್ತಿತ್ತು. ಸೊಂಟದ ಮಟ್ಟಕ್ಕೆ ಬಂತು, ಮಂಡಿ ಮಟ್ಟಕ್ಕೆ ಬಂತು. ಜೂನ್‌ನಲ್ಲಿ ತುಮಕೂರಿಗೆ ವಾಪಸ್ ಬಂದು ಎರಡನೇ ವಾರಕ್ಕೆ ಫ್ಲಿಕ್ ಹಾಕಿದೆ.

ಇದಕ್ಕೆ ಹಂತ ಹಂತವಾಗಿ ಭಯದ ಹತ್ತಿರ ಹೋಗುವುದು ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷ ಆದಮೇಲೆ. ತಾತ ಅದನ್ನೇ ಮಾಡಿಸಿದ್ದರು.

ಈಗ ಭಯ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಫ್ಲಿಕ್ ಸರಿಯಾಗಿ ಹಾಕಬೇಕಾದರೆ ಮೊದಲು ಇಲ್ಲದ ಕುರ್ಚಿಯಲ್ಲಿ ಕೂರುವ ಹಾಗೆ ಹಿಂದಕ್ಕೆ ವಾಲಬೇಕು. ಸಮತೋಲ ತಪ್ಪಬೇಕು, ಬೇಕು ಅಂತಲೇ ತಪ್ಪಿಸಿಕೊಳ್ಳಬೇಕು. ಆಮೇಲೆ ಕಾಲು ಜೋರಾಗಿ ಒದ್ದು ಹಿಂದಕ್ಕೆ, ಉದ್ದಕ್ಕೆ ಹಾರಬೇಕು. ತೋಳು ಕಿವಿಗೆ ಅಂಟಿರಬೇಕು, ಮೊಣಕೈ ನೇರ ಇರಬೇಕು. ಭಯ ಆದ ಮಗು ಏನು ಮಾಡುತ್ತೆ? ಹಿಂದಕ್ಕೆ ವಾಲುವ ಬದಲು ಮೇಲಕ್ಕೆ ಜಿಗಿಯುತ್ತೆ. ನೆಲ ಎಲ್ಲಿದೆ ಅಂತ ಬೇಗ ನೋಡಬೇಕು ಅಂತ ತಲೆ ಹಿಂದಕ್ಕೆ ಎಸೆಯುತ್ತೆ. ಕೈ ಮಡಚಿಕೊಳ್ಳುತ್ತೆ. ಮೇಲಕ್ಕೆ ಜಿಗಿದು ತಲೆ ಎಸೆದು ಕೈ ಮಡಚಿದರೆ ನೇರ ತಲೆಯ ಮೇಲೇ ಬರುವುದು. ಅಂದರೆ ಭಯ ಯಾವುದನ್ನು ತಪ್ಪಿಸೋಕೆ ನೋಡುತ್ತೋ ಅದನ್ನೇ ಮಾಡಿಸುತ್ತೆ. ಆದ್ದರಿಂದ ಭಯ ಇರುವಾಗ "ಏನಾಗಲ್ಲ ಹಾಕು" ಅನ್ನುವುದು ಸುಳ್ಳು. ಆಗುತ್ತೆ. ಅರ್ಧ ಮನಸ್ಸಿನಲ್ಲಿ ಹಾಕಿದ ಲಾಗ, ಮಧ್ಯದಲ್ಲಿ ಕೈಬಿಟ್ಟ ಲಾಗ, ಇವೇ ಹೆಚ್ಚು ಅಪಾಯ. ನಿಂತುಬಿಟ್ಟ ಮಗುವಿಗೆ ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಅದು ನಿಂತದ್ದೇ ಸರಿಯಾದ ಕೆಲಸ ಇರಬಹುದು.

ಭಯದಲ್ಲೂ ಬೇರೆ ಬೇರೆ ಇವೆ. ಇನ್ನೂ ಕಲಿಯದ್ದಕ್ಕೆ ಆಗುವ ಭಯ ಒಂದು. ತಲೆಕೆಳಗಾಗಿ ನಿಂತು ತನ್ನ ಭಾರ ತಾನು ಹೊರೋಕೆ ಭುಜಕ್ಕೆ ಶಕ್ತಿ ಇಲ್ಲದ ಮಗುವಿಗೆ ಫ್ಲಿಕ್ ಅಂದರೆ ಭಯ ಆದರೆ ಆ ಭಯ ಸರಿ, ಅದನ್ನು ಹೋಗಲಾಡಿಸಬಾರದು, ಮೊದಲು ಭುಜ ಗಟ್ಟಿ ಮಾಡಬೇಕು. ಪಿ.ಟಿ. ಮೇಷ್ಟ್ರುಗಳಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತು ಅಂತ ಗಟ್ಟಿ ನೆಲದ ಮೈದಾನದಲ್ಲಿ, ಮ್ಯಾಟ್ ಇಲ್ಲದೆ, ಹದಿನೈದು ದಿನದಲ್ಲಿ ಮಕ್ಕಳಿಗೆ ಲಾಗ ಕಲಿಸುವುದನ್ನು ನಾನು ನೋಡಿದ್ದೇನೆ. ಅಲ್ಲಿ ಹೆದರಿ ಹಿಂದೆ ಸರಿಯುವ ಹುಡುಗ ಹೇಡಿ ಅಲ್ಲ. ಅವನ ಮಾತು ಕೇಳಿ. ಕತ್ತಿಗೆ ದೊಡ್ಡ ಪೆಟ್ಟಾದರೆ ಜೀವನ ಪೂರ್ತಿ ಅನುಭವಿಸಬೇಕಾಗಬಹುದು.

ಇನ್ನೊಂದು ಬೆಳವಣಿಗೆಯಿಂದ ಬರುವ ಗೊಂದಲ. ಹನ್ನೊಂದರಿಂದ ಹದಿಮೂರರ ಹೊತ್ತಿಗೆ ಹುಡುಗಿಯರು ಒಂದೇ ವರ್ಷದಲ್ಲಿ 7–8 ಸೆಂಟಿಮೀಟರ್ ಬೆಳೆದುಬಿಡಬಹುದು. ಹುಡುಗರಿಗೆ ಇದು ಒಂದೆರಡು ವರ್ಷ ತಡವಾಗಿ ಬರುತ್ತೆ. ಕೈಕಾಲು ಉದ್ದವಾಗಿದೆ, ತೂಕ ಬೇರೆಯಾಗಿದೆ, ಆದರೆ ಮಿದುಳಿನಲ್ಲಿ ಇರುವ ಲೆಕ್ಕ ಹಳೆಯ ಮೈಯದು. ನೆಲ ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಇಲ್ಲಾ ಬೇಗ ಬಂದುಬಿಡುತ್ತೆ. ಮಗುವಿಗೆ ಏನೋ ಸರಿಯಿಲ್ಲ ಅಂತ ಮಾತ್ರ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಇಂಥ ಸಮಯದಲ್ಲಿ ಒಂದೆರಡು ತಿಂಗಳು ಸುಲಭದ್ದನ್ನೇ ಮಾಡಿಸಿದರೆ ನಷ್ಟ ಏನಿಲ್ಲ. ಹೊಸ ಮೈ ಪರಿಚಯ ಆಗಬೇಕಲ್ವಾ.

ಮತ್ತೊಂದು, ಬೀಳದೆಯೇ ಕಳೆದುಹೋಗುವುದು. ಇದಕ್ಕೆ ಜಗತ್ತೇ ನೋಡಿದ ಉದಾಹರಣೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್. ಟೋಕಿಯೊ ಒಲಿಂಪಿಕ್ಸ್, 2021ರ ಜುಲೈ 27, ತಂಡದ ಫೈನಲ್. ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಟೇಬಲ್ ಮೇಲೆ ಕೈ ಊರಿ ಹಾರುವುದರಲ್ಲಿ, ಎರಡೂವರೆ ಸುತ್ತು ತಿರುಗಬೇಕಿತ್ತು, ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗಿ ಒಂದೂವರೆಗೆ ಇಳಿದುಬಿಟ್ಟರು. ಅದಾದ ಮೇಲೆ ಆ ಫೈನಲ್‌ನಿಂದ ಹೊರಬಂದರು. ಜಿಮ್ನಾಸ್ಟ್‌ಗಳು ಇದನ್ನು ಟ್ವಿಸ್ಟೀಸ್ ಅನ್ನುತ್ತಾರೆ. ನಮ್ಮ ಒಳಕಿವಿಯಲ್ಲಿ ಒಂದೊಂದು ಕಡೆ ಮೂರು ಸಣ್ಣ ಬಾಗಿದ ನಾಳಗಳಿವೆ, ಅದರೊಳಗಿನ ದ್ರವ ಅಲುಗಿದಾಗ ನಾವು ಎತ್ತ ತಿರುಗುತ್ತಿದ್ದೇವೆ ಅಂತ ಮಿದುಳಿಗೆ ಗೊತ್ತಾಗುತ್ತೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಕೈ ಚಾಚಿ ಗಿರಗಿರ ತಿರುಗಿ ನಿಂತಾಗ ಮನೆ, ಮರ ಎಲ್ಲ ತಿರುಗಿದ ಹಾಗೆ ಆಗುತ್ತಿತ್ತಲ್ಲ, ನಾವು ನಿಂತಿದ್ದರೂ ಆ ದ್ರವ ಇನ್ನೂ ನಿಂತಿರುವುದಿಲ್ಲ, ಅದಕ್ಕೇ ಹಾಗೆ. ಕಿವಿ, ಕಣ್ಣು, ಮಾಂಸಖಂಡ ಈ ಮೂರೂ ಕಡೆಯ ಸುದ್ದಿ ಜೋಡಿಸಿ ಜಿಮ್ನಾಸ್ಟ್ ಗಾಳಿಯಲ್ಲಿ ದಾರಿ ಕಂಡುಕೊಳ್ಳುತ್ತಾರೆ. ಒತ್ತಡ ಜಾಸ್ತಿಯಾದಾಗ ಆ ಜೋಡಣೆ ತಪ್ಪಬಹುದು. ಅದರಲ್ಲೂ ತಾನಾಗೇ ಆಗುವ ಕೆಲಸವನ್ನು ಮನಸ್ಸು ಒಂದೊಂದಾಗಿ ಗಮನಿಸೋಕೆ ಶುರು ಮಾಡಿದರೆ ಮುಗಿಯಿತು. ಮೆಟ್ಟಿಲು ಇಳಿಯುವಾಗ ಯಾವ ಕಾಲು ಎಲ್ಲಿಡಲಿ ಅಂತ ಯೋಚಿಸಿ ನೋಡಿ, ಎಡವುತ್ತೀರಿ.

ಬೈಲ್ಸ್ ಆಮೇಲೆ ಮಾಡಿದ್ದನ್ನು ನಾನು ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಎಲ್ಲ ವಿಭಾಗ ಸೇರಿದ ಆಲ್‌ರೌಂಡ್, ಆಮೇಲೆ ವಾಲ್ಟ್, ಬಾರ್ಸ್, ಫ್ಲೋರ್ ಇಷ್ಟೂ ಫೈನಲ್ ಬಿಟ್ಟರು. ಆಗಸ್ಟ್ 3ಕ್ಕೆ ಬೀಮ್ ಫೈನಲ್‌ಗೆ ಬಂದರು. ಬೀಮ್ ಅಂದರೆ ಮೇಲೆ ನಡೆದು, ಲಾಗ ಹಾಕುವ ಕಿರಿದಾದ ಉದ್ದನೆಯ ತೊಲೆ. ಆದರೆ ಬೀಮ್‌ನಿಂದ ಇಳಿಯುವಾಗ ಮೈ ತಿರುವುವ ಲಾಗ ಹಾಕಲಿಲ್ಲ. ತಿರುವಿಲ್ಲದ, ತಮ್ಮ ಮಟ್ಟಕ್ಕೆ ಸುಲಭದ ಡಬಲ್ ಪೈಕ್, ಅಂದರೆ ಕಾಲು ನೇರ ಇಟ್ಟು ಸೊಂಟ ಮಡಚಿ ಎರಡು ಲಾಗ, ಹಾಕಿ ಇಳಿದರು. ಕಂಚು ಬಂತು. ಜಗತ್ತಿನ ದೊಡ್ಡ ಜಿಮ್ನಾಸ್ಟ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಎಲ್ಲರ ಎದುರಿಗೆ ಒಂದು ಮೆಟ್ಟಿಲು ಕೆಳಗೆ ಇಳಿದರು. 2023ರಲ್ಲಿ ಸ್ಪರ್ಧೆಗೆ ವಾಪಸ್ ಬಂದರು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ನಡುವೆ ಎರಡು ವರ್ಷ ಅವರು ಸ್ಪರ್ಧೆ ಮಾಡಿರಲಿಲ್ಲ ಅನ್ನುವುದನ್ನೂ ನೋಡಿ. ನಾವು ನಮ್ಮ ಮಕ್ಕಳಿಗೆ ಎರಡು ವಾರ ಕೊಡೋಕೂ ಒದ್ದಾಡುತ್ತೇವೆ.

ನಮ್ಮ ದೇಶದ್ದೂ ಒಂದು ಹೇಳುತ್ತೇನೆ. ದೀಪಾ ಕರ್ಮಾಕರ್ ಅಗರ್ತಲಾದವರು. ಚಪ್ಪಟೆ ಪಾದ ಇದ್ದ ಹುಡುಗಿ, ಜಿಮ್ನಾಸ್ಟಿಕ್ಸ್‌ಗೆ ಅದು ದೊಡ್ಡ ತೊಡಕು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಫೈನಲ್‌ಗೆ ಹೋಗಿ 15.066 ಅಂಕ ತೆಗೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150 ಅಂಕದಿಂದ. ಅವರು ಹಾಕಿದ್ದು ಪ್ರೊಡುನೋವಾ, ಟೇಬಲ್ ಮೇಲೆ ಕೈ ಊರಿ ಹಾರಿ ಮುಂದಕ್ಕೆ ಎರಡು ಲಾಗ. ಮುಂದಕ್ಕೆ ಲಾಗ ಹಾಕುವಾಗ ಇಳಿಯುವ ನೆಲ ಕೊನೆಯವರೆಗೂ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಅದು ಅಷ್ಟು ಭಯ ಹುಟ್ಟಿಸುವಂಥದ್ದು. ಅವರ ಜೊತೆ ಚಿಕ್ಕಂದಿನಿಂದ ನಿಂತವರು ಒಬ್ಬರೇ ಕೋಚ್, ಬಿಶ್ವೇಶ್ವರ್ ನಂದಿ. ಇಷ್ಟು ವರ್ಷ ಒಬ್ಬರೇ ಪಕ್ಕದಲ್ಲಿ ಇದ್ದದ್ದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಅಗರ್ತಲಾ ಕೂಡ ನಮ್ಮ ತುಮಕೂರಿನ ಹಾಗೆ ದೊಡ್ಡ ನಗರ ಏನಲ್ಲ.

ಸರಿ, ಈಗ ನಮ್ಮ ಹಾಲ್‌ಗೆ ವಾಪಸ್ ಬರೋಣ. ಮ್ಯಾಟಿನ ಅಂಚಿನಲ್ಲಿ ನಿಂತ ಆ ಹುಡುಗಿಯನ್ನು ಅಲ್ಲೇ ಬಿಟ್ಟು ಬಂದೆವು.

ನಾನು ಅವಳನ್ನು ಮೊದಲು ಅಲ್ಲಿಂದ ಕರೆದುಕೊಂಡು ಬಂದೆ. ಇದು ಮುಖ್ಯ. ಹತ್ತು ನಿಮಿಷ ನಿಂತೇ ಇರೋಕೆ ಬಿಡಬಾರದು. ಯಾಕೆ ಅಂದರೆ, ಬಟವಾಡಿ ಕಡೆಯ ಒಂದು ಗಲ್ಲಿಯಲ್ಲಿ ಬೊಗಳುವ ನಾಯಿ ಇದೆ ಅಂದುಕೊಳ್ಳಿ. ಇವತ್ತು ನೀವು ಆ ಗಲ್ಲಿ ಬಿಟ್ಟು ಸುತ್ತಿ ಹೋದಿರಿ. ಅಬ್ಬ ಅಂತ ಉಸಿರು ಬಿಟ್ಟಿರಿ. ಆ ಅಬ್ಬ ಅನ್ನುವ ನೆಮ್ಮದಿ ಇದೆಯಲ್ಲ, ಅದು ಮಿದುಳಿಗೆ ಒಂದು ಪಾಠ ಕಲಿಸುತ್ತೆ, ತಪ್ಪಿಸಿಕೊಂಡದ್ದರಿಂದ ಉಳಿದೆ ಅಂತ. ನಾಳೆ ಭಯ ಇನ್ನೂ ಜಾಸ್ತಿ. ಮ್ಯಾಟಿನ ಮೇಲೂ ಅಷ್ಟೇ. ಒಂದೊಂದು ಸಲ ಕೈ ಎತ್ತಿ ನಿಂತಾಗಲೂ ಮೈ ನಿಲ್ಲುವುದನ್ನೇ ಅಭ್ಯಾಸ ಮಾಡುತ್ತಿರುತ್ತೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ ಇದೆ. ಮೂರು ಸಲ ನಿಂತುಬಿಟ್ಟರೆ ನಾಲ್ಕನೆಯದು ಇಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ಖಂಡಿತ ಆಗುವುದನ್ನು ಮಾಡಿ ಮುಗಿಸಬೇಕು. ಇದು ಶಿಕ್ಷೆ ಅಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ. ಹಾಗಂತ ಆ ಕೌಶಲವನ್ನೇ ಬಿಟ್ಟುಬಿಡುವುದೂ ಅಲ್ಲ. ಗಲ್ಲಿ ಬಿಡಬಾರದು, ನಾಯಿ ಕಾಣುವಷ್ಟು ದೂರದವರೆಗೆ ದಿನಾ ಹೋಗಬೇಕು.

ಆಮೇಲೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, "ಕಣ್ಣು ಮುಚ್ಚಿ ಮನಸ್ಸಲ್ಲೇ ಒಂದು ಫ್ಲಿಕ್ ಹಾಕು, ನಿಧಾನಕ್ಕೆ, ಏನು ಕಾಣುತ್ತೆ ಹೇಳು" ಅಂದೆ. ಕಣ್ಣು ಮುಚ್ಚಿದಳು. ರೆಪ್ಪೆ ಅದುರುತ್ತಿತ್ತು.

"ಕೂತೆ ಮಿಸ್. ಕೈ ಹೋಯ್ತು. ಟ್ಯೂಬ್‌ಲೈಟ್ ಕಾಣುತ್ತೆ..."

"ಆಮೇಲೆ?"

"ಆಮೇಲೆ ಕಪ್ಪಾಗುತ್ತೆ."

"ಮತ್ತೆ ಯಾವಾಗ ಕಾಣುತ್ತೆ?"

"ಕೈ ಮ್ಯಾಟ್ ಮೇಲೆ ಇರುವಾಗ. ಕಾಲು ಇಳೀತಿದೆ."

ಟ್ಯೂಬ್‌ಲೈಟಿಗೂ ಮ್ಯಾಟಿಗೂ ನಡುವೆ ಒಂದು ತುಂಡು ಕಪ್ಪು. ಅರ್ಧ ಸೆಕೆಂಡೂ ಇಲ್ಲ. ಅವಳ ಫ್ಲಿಕ್ ಪೂರ್ತಿ ಹೋಗಿರಲಿಲ್ಲ, ಆ ತುಂಡು ಮಾತ್ರ ಹೋಗಿತ್ತು. ಇದನ್ನು ಕೇಳಿ ಅವಳಿಗೇ ಒಂದು ಥರ ಸಮಾಧಾನ ಆಯಿತು ಅಂತ ಮುಖದಲ್ಲಿ ಕಂಡಿತು. ನಂಗೆ ಬರಲ್ಲ ಅನ್ನುವುದು ಬೇರೆ, ಇಷ್ಟು ಜಾಗದಲ್ಲಿ ನಂಗೆ ಕಾಣ್ತಿಲ್ಲ ಅನ್ನುವುದು ಬೇರೆ.

ಮಾರನೇ ದಿನದಿಂದ ಕಪ್ಪಿನ ಎರಡೂ ಕಡೆಯಿಂದ ಶುರು ಮಾಡಿದೆವು. ಕೈ ಮೇಲೆ ನಿಂತು ಕಾಲನ್ನು ಚಟ್ ಅಂತ ಕೆಳಗೆ ಎಳೆದು ನಿಲ್ಲುವುದು, ಅದು ಫ್ಲಿಕ್‌ನ ಕೊನೆಯ ಭಾಗ. ಅದರಲ್ಲಿ ಭಯ ಇಲ್ಲ. ಇನ್ನೊಂದು ಕಡೆ ಮೊದಲ ಭಾಗ, ದಪ್ಪ ಮ್ಯಾಟುಗಳನ್ನು ಅವಳ ಎದೆ ಮಟ್ಟಕ್ಕೆ ಪೇರಿಸಿ, ಅದಕ್ಕೆ ಬೆನ್ನು ಮಾಡಿ ನಿಂತು, ಕುರ್ಚಿಯಲ್ಲಿ ಕೂರುವ ಹಾಗೆ ವಾಲಿ, ಒದ್ದು, ಆ ರಾಶಿಯ ಮೇಲೆ ಬೆನ್ನು ಹಾಕಿ ಉದ್ದಕ್ಕೆ ಬೀಳುವುದು. ನನ್ನ ತಾತನ ರಾಗಿ ಹುಲ್ಲು. ದೊಡ್ಡ ಜಿಮ್‌ಗಳಲ್ಲಿ ಫೋಮ್ ತುಂಡು ತುಂಬಿದ ಗುಂಡಿ ಇರುತ್ತೆ, ಟ್ರ್ಯಾಂಪೋಲಿನ್ ಇರುತ್ತೆ, ನಮ್ಮಲ್ಲಿ ಅದಿಲ್ಲ, ಆದರೆ ಪೇರಿಸಿದ ಮ್ಯಾಟಿನಿಂದಲೂ ಕೆಲಸ ಆಗುತ್ತೆ. ಎಷ್ಟು ಸಲ ಅಂತ ಮೊದಲೇ ಮಾತಾಡಿಕೊಳ್ಳುತ್ತೇವೆ. ಹತ್ತು ಅಂದರೆ ಹತ್ತು. ಹತ್ತಾದ ಮೇಲೆ "ಚೆನ್ನಾಗಿ ಬರ್ತಿದೆ, ಇನ್ನೊಂದು ಹಾಕು, ಈಗ ಸೀದಾ ಫ್ಲಿಕ್ ಹಾಕಿಬಿಡು" ಅಂತ ನಾನು ಹೇಳುವುದಿಲ್ಲ. ನಾಲಗೆ ತುದಿಗೆ ಬರುತ್ತೆ, ತಡೆದುಕೊಳ್ಳುತ್ತೇನೆ. ಹೇಳಿಬಿಟ್ಟರೆ ನಾಳೆ ಅವಳು ಒಂದನೆಯದನ್ನು ಹಾಕುವಾಗಲೇ ಹನ್ನೊಂದನೆಯದಕ್ಕೆ ಹೆದರುತ್ತಾಳೆ.

ಹಾರುವ ಮುಂಚೆ ಒಂದು ಉಸಿರು. ಮೂಗಲ್ಲಿ ಎಳೆದು ಬಾಯಲ್ಲಿ ನಿಧಾನಕ್ಕೆ ಬಿಡುವುದು, ಎಳೆದದ್ದಕ್ಕಿಂತ ಬಿಡುವುದು ಉದ್ದ ಇರಬೇಕು, ಆಗ ಎದೆ ಬಡಿತ ಸ್ವಲ್ಪ ಇಳಿಯುತ್ತೆ. ಆಮೇಲೆ ಒಂದೇ ಒಂದು ಪದ. ಅವಳೇ ಆರಿಸಿಕೊಂಡದ್ದು "ಕುರ್ಚಿ". ಬೀಳಬಾರದು, ತಲೆ ತಾಗಬಾರದು ಅಂತ ಹೇಳಿಕೊಂಡರೆ ಮನಸ್ಸಿಗೆ ಬರುವ ಚಿತ್ರವೇ ಬೀಳುವುದು. ಏನು ಮಾಡಬೇಕೋ ಅದನ್ನೇ ಹೇಳಿಕೊಳ್ಳಬೇಕು, ಅದೂ ಒಂದೇ ಮಾತಿನಲ್ಲಿ. ಐದು ಸೂಚನೆ ಒಟ್ಟಿಗೆ ಕೊಟ್ಟರೆ ಯಾವ ಮಗುವಿಗೂ ಆಗಲ್ಲ.

ಬೀಮ್ ಬಗ್ಗೆ ಸ್ವಲ್ಪ ಕೇಳಿದ್ದಿರಿ. ಬೀಮ್ 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ, ಅಗಲ ಬರೀ 10 ಸೆಂಟಿಮೀಟರ್. ಅರ್ಧ ಗೇಣು. ಅದರ ಮೇಲೆ ಕಾರ್ಟ್‌ವೀಲ್, ಅಂದರೆ ಕೈ ಊರಿ ಚಕ್ರದ ಹಾಗೆ ಪಕ್ಕಕ್ಕೆ ಉರುಳುವ ಲಾಗ, ಹಾಕೋಕೆ ಭಯ ಆದರೆ ಆಶ್ಚರ್ಯ ಏನಿದೆ? ಅದಕ್ಕೂ ದಾರಿ ಇದೇ. ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಎಳೆದ ಗೆರೆ, ಆಮೇಲೆ ನೆಲದ ಮೇಲೇ ಇಟ್ಟ ಬೀಮ್, ಆಮೇಲೆ ತಗ್ಗಿನ ಬೀಮ್, ಆಮೇಲೆ ಎತ್ತರದ ಬೀಮಿನ ಎರಡೂ ಕಡೆ ಮ್ಯಾಟ್ ಪೇರಿಸಿ. ಒಂದೊಂದು ಸಲ ಒಂದೊಂದೇ ಬದಲಾಗಬೇಕು. ಎತ್ತರವನ್ನೂ ಏರಿಸಿ ಸಪೋರ್ಟನ್ನೂ ಒಟ್ಟಿಗೇ ತೆಗೆದರೆ ಮಗು ಯಾವುದಕ್ಕೆ ಹೆದರಿತು ಅಂತ ನಿಮಗೂ ಗೊತ್ತಾಗಲ್ಲ, ಅದಕ್ಕೂ ಗೊತ್ತಾಗಲ್ಲ.

ಇನ್ನು ಸಪೋರ್ಟ್. ನನ್ನ ಕೈ ಅವಳ ಸೊಂಟದಲ್ಲಿ ಎಷ್ಟು ಭಾರ ಹೊರುತ್ತಿದೆ ಅಂತ ನಾನು ಬಾಯಿಬಿಟ್ಟು ಹೇಳುತ್ತೇನೆ. ಈ ಸಲ ಎರಡೂ ಕೈ. ಈ ಸಲ ಒಂದೇ ಕೈ. ಈ ಸಲ ಬೆರಳು ಮಾತ್ರ ತಾಗಿಸುತ್ತೇನೆ, ಎತ್ತಲ್ಲ. ಈ ಸಲ ಪಕ್ಕದಲ್ಲಿ ಸುಮ್ನೆ ನಿಂತಿರುತ್ತೇನೆ, ಮುಟ್ಟಲ್ಲ. ಯಾವುದಕ್ಕೆ ಬೇಡ ಅನ್ನುತ್ತಾಳೋ ಅಲ್ಲಿಗೆ ನಿಲ್ಲಿಸುತ್ತೇನೆ. ಕೆಲವು ಕೋಚ್‌ಗಳು ಹೀಗೆ ಮಾಡಿದರೆ ಮಗು ಸಪೋರ್ಟಿಗೇ ಅಂಟಿಕೊಳ್ಳುತ್ತೆ ಅನ್ನುತ್ತಾರೆ. ಅಂಟಿಕೊಳ್ಳುವುದು ಉಂಟು, ಅದನ್ನು ನಾನೂ ನೋಡಿದ್ದೇನೆ, ಅದಕ್ಕೇ ವಾರ ವಾರವೂ ಸ್ವಲ್ಪ ಕಮ್ಮಿ ಮಾಡುತ್ತಾ ಹೋಗಬೇಕು. ಆದರೆ ಕದ್ದು ಕೈ ತೆಗೆಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತೆಗೆದಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಬೇಡಿಕೆ. ಸ್ಕೂಟರ್ ಮೇಲೆ ಮನೆಗೆ ಕರೆದುಕೊಂಡು ಹೋಗುವಾಗ "ಇವತ್ತು ಹಾಕಿದ್ಯಾ?" ಅಂತ ಕೇಳಬೇಡಿ. ಮಗು ದಿನವೆಲ್ಲ ಆ ಪ್ರಶ್ನೆಗೇ ಕಾಯುತ್ತಿರುತ್ತೆ. ಹಸಿವಾಗಿದ್ಯಾ ಅಂತ ಕೇಳಿ. ಪಕ್ಕದ ಮನೆಯವರ ಮಗಳ ವಿಡಿಯೊ ತೋರಿಸಬೇಡಿ. ಹಾಕಿದರೆ ಸೈಕಲ್ ಕೊಡಿಸ್ತೀನಿ ಅಂತ ಆಸೆ ಹುಟ್ಟಿಸುವುದೂ ಬೇಡ, ಹಾಕಲಾಗದೇ ಹೋದರೆ ಲಾಗದ ಜೊತೆ ಸೈಕಲನ್ನೂ ಕಳೆದುಕೊಂಡ ದುಃಖ ಸೇರಿಕೊಳ್ಳುತ್ತೆ. ಭಯ ಹಾಲ್‌ನ ಹೊರಗೂ ಹರಡಿದರೆ, ಅಂದರೆ ನಿದ್ದೆ ಬರದಿದ್ದರೆ, ಊಟ ಬಿಟ್ಟರೆ, ಶಾಲೆಗೂ ಹೋಗಲ್ಲ ಅಂದರೆ, ಆಗ ಕೋಚ್ ಕೈಲಿ ಆಗುವ ಕೆಲಸ ಅಲ್ಲ, ಮಕ್ಕಳ ಮನಸ್ಸಿನ ವೈದ್ಯರನ್ನು ಕಾಣಿ. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಅಪ್ಪ ಎದ್ದು ಕೇಳಿದರು, "ಮೇಡಂ, ಇದಕ್ಕೆಲ್ಲ ಎಷ್ಟು ದಿನ ಬೇಕು? ಮುಂದಿನ ತಿಂಗಳು ಕಾಂಪಿಟಿಷನ್ ಇದೆ." ನನಗೆ ಅವರ ಆತಂಕ ಅರ್ಥ ಆಗುತ್ತೆ. ಮನೆಯಲ್ಲಿ ಖರ್ಚು ಮಾಡಿರುತ್ತಾರೆ, ಬೆಳಿಗ್ಗೆ ಐದಕ್ಕೆ ಎದ್ದು ಕರೆದುಕೊಂಡು ಬಂದಿರುತ್ತಾರೆ. ಆದರೆ ದಿನದ ಲೆಕ್ಕ ಹೇಳಿದರೆ ಅದು ಸುಳ್ಳಾಗುತ್ತೆ. ಕೆಲವರಿಗೆ ಎರಡು ವಾರ, ನನಗೆ ಏಳು ತಿಂಗಳು. ಆ ಕಾಂಪಿಟಿಷನ್‌ಗೆ ಫ್ಲಿಕ್ ಇಲ್ಲದ ರೊಟೀನ್ ಮಾಡಿಸೋಣ, ಅಂಕ ಕಮ್ಮಿ ಬರುತ್ತೆ, ಬರಲಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು ಮೇಡಂ ಅಂದರು.

ಆ ಹುಡುಗಿ ಏನಾದಳು ಅಂತ ಇನ್ನೊಬ್ಬರು ಕೇಳಿದರು. ಅವಳು ಇನ್ನೂ ಫ್ಲಿಕ್ ಹಾಕಿಲ್ಲ. ಇವತ್ತಿಗೆ ಐದು ವಾರ. ಮ್ಯಾಟಿನ ರಾಶಿ ಎದೆ ಮಟ್ಟದಿಂದ ಸೊಂಟಕ್ಕೆ ಇಳಿದಿದೆ. ಕಪ್ಪು ತುಂಡು ಚಿಕ್ಕದಾಗಿದೆಯಂತೆ, ಟ್ಯೂಬ್‌ಲೈಟ್ ಆದಮೇಲೆ ಗೋಡೆಯ ಗಡಿಯಾರ ಕಾಣೋಕೆ ಶುರುವಾಗಿದೆ ಅಂದಳು. ನಿನ್ನೆ ಸಂಜೆ ಚಪ್ಪಲಿ ಹಾಕಿಕೊಂಡು ಹೊರಟವಳು ಬಾಗಿಲಿಂದ ವಾಪಸ್ ಬಂದು ನನ್ನ ಹತ್ತಿರ ನಿಂತಳು.

"ಮಿಸ್, ನಾಳೆ ಒಂದು ಮ್ಯಾಟ್ ತೆಗೀಬಹುದು. ಆದ್ರೆ ನಾನು ಹೇಳಿದ್ಮೇಲೆ ತೆಗೀರಿ."